ಕಾಯೋ ಕೆಲಸ: ಕೋಲಾರದ ಕಡೆ ಮಕ್ಕಳು ಗೋಲ್‌ಕೀಪರ್ ಆಗ್ಬೇಕಂದ್ರೆ ಏನೇನ್ ಮಾಡ್ಬೇಕು

ನಾನು ಕೋಲಾರದಲ್ಲಿ ಬೆಳಿಗ್ಗೆ ಆರಕ್ಕೆ ಗ್ರೌಂಡಿಗೆ ಹೋಗಿ ಹತ್ತು ಹನ್ನೆರಡು ಮಕ್ಕಳಿಗೆ ಕೀಪಿಂಗ್ ಹೇಳ್ಕೊಡ್ತೀನಿ, ಅದಕ್ಕೆ ಮುಂಚೆ ಬೆಂಗಳೂರಿನ ಬಿ ಡಿವಿಷನ್ ಲೀಗಲ್ಲಿ ಆರು ವರ್ಷ ಗೋಲಲ್ಲಿ ನಿಂತಿದ್ದೆ. ತಿಂಗಳಿಗೆ ಇಬ್ರು ಮೂರು ಜನ ಅಪ್ಪ ಅಮ್ಮಂದಿರಾದ್ರೂ ಬಂದು "ಸಾರ್, ನಮ್ ಹುಡುಗ ಕೀಪರ್ ಆಗ್ತೀನಿ ಅಂತ ಹಠ ಹಿಡಿದಿದಾನೆ, ಅದ್ರಲ್ಲಿ ಜೀವನ ಆಗುತ್ತಾ" ಅಂತ ಕೇಳ್ತಾರೆ. ಗೇಟ್ ಹತ್ರ ನಿಂತ್ಕೊಂಡು ಅರ್ಧಂಬರ್ಧ ಹೇಳಿ ಕಳಿಸೋ ಬದ್ಲು ಒಂದ್ಸಲ ಪೂರ್ತಿ ಬರೆದುಬಿಡೋಣ ಅಂತ ಕೂತಿದೀನಿ.

ಮೊದ್ಲು ಒಂದು ಮಾತು. ಹೊಲ ಕಾಯೋದೂ ಕಾಯೋದೇ, ಬಸ್ಸಿಗೆ ಕಾಯೋದೂ ಕಾಯೋದೇ, ನಮ್ ಭಾಷೇಲಿ ಎರಡಕ್ಕೂ ಒಂದೇ ಪದ. ಕೀಪರ್ ಕೆಲಸದಲ್ಲಿ ಆ ಎರಡೂ ಇದೆ. ಗೋಲು ಕಾಯೋದನ್ನ ಎಲ್ರೂ ನೋಡ್ತಾರೆ, ಆದ್ರೆ ಟೀಮಲ್ಲಿ ಫಾರ್ವರ್ಡ್‌ಗೆ ಮೂರು ಜಾಗ ಇದ್ರೆ ಕೀಪರ್‌ಗೆ ಇರೋದು ಒಂದೇ, ಅದ್ರಲ್ಲಿ ಇನ್ನೊಬ್ಬ ನಿಂತಿದ್ರೆ ನೀನು ಬೆಂಚಲ್ಲಿ ಕೂತು ಕಾಯ್ಬೇಕು, ವಾರಗಟ್ಲೆ ಅಲ್ಲ, ಕೆಲವು ಸಲ ವರ್ಷಗಟ್ಲೆ. ಈ ಎರಡನೇ ಕಾಯೋದು ನಿಮ್ ಮಗೂಗೆ ಆಗುತ್ತಾ ಅಂತ ನೋಡಿ, ಡೈವಿಂಗೆಲ್ಲ ಆಮೇಲೆ ಕಲಿಬಹುದು.

ಎಷ್ಟನೇ ವಯಸ್ಸಿಗೆ ಶುರು ಮಾಡ್ಬೇಕು ಅನ್ನೋದು ಮುಂದಿನ ಪ್ರಶ್ನೆ. ಹನ್ನೆರಡು ವರ್ಷದ ತನಕ ಬರೀ ಕೀಪರ್ ಅಂತ ಫಿಕ್ಸ್ ಮಾಡ್ಬೇಡಿ ಅಂತೀನಿ ನಾನು. ಅರ್ಧ ಆಟ ಗೋಲಲ್ಲಿ, ಅರ್ಧ ಆಟ ಹೊರಗಡೆ ಡಿಫೆನ್ಸಲ್ಲೋ ಮಿಡ್‌ಫೀಲ್ಡಲ್ಲೋ ಆಡ್ಲಿ. ಯಾಕಂದ್ರೆ 1992ರಲ್ಲಿ ಬ್ಯಾಕ್‌ಪಾಸ್ ರೂಲ್ ಬಂದ್ಮೇಲೆ ನಮ್ ಟೀಮವನು ಬೇಕಂತ ಕಾಲಲ್ಲಿ ಕೊಟ್ಟ ಬಾಲನ್ನ ಕೀಪರ್ ಕೈಲಿ ಹಿಡಿಯೋ ಹಾಗಿಲ್ಲ, ಕಾಲಲ್ಲೇ ಆಡ್ಬೇಕು, ಈಗಂತೂ ಎಲ್ಲಾ ಕೋಚುಗಳೂ ಆಟ ಕೀಪರ್ ಕಾಲಿಂದಾನೇ ಶುರು ಆಗ್ಬೇಕು ಅಂತಾರೆ. ಎರಡೂ ಕಾಲಲ್ಲಿ ಪಾಸ್ ಕೊಡೋಕೆ ಬರ್ದೇ ಇರೋ ಕೀಪರ್‌ನ ದೊಡ್ಡ ಲೆವೆಲ್‌ನಲ್ಲಿ ಯಾರೂ ತಗೊಳಲ್ಲ. ಇನ್ನೊಂದು ವಿಷ್ಯ, ದೊಡ್ಡವರ ಗೋಲು 7.32 ಮೀಟರ್ ಅಗಲ 2.44 ಮೀಟರ್ ಎತ್ತರ, ಅಂದ್ರೆ 24 ಅಡಿಗೆ 8 ಅಡಿ, ಹತ್ತು ವರ್ಷದ ಮಗೂನ ಅದ್ರೊಳಗೆ ನಿಲ್ಲಿಸಿದ್ರೆ ತಲೆ ಮೇಲೆ ಹೋಗೋ ಬಾಲೆಲ್ಲ ಗೋಲೇ, ಮಗು ನಂಗೆ ಆಟ ಬರಲ್ಲ ಅಂತ ಮನೆಗೆ ಹೋಗುತ್ತೆ. ಟೊಮೊಟೊ ಕ್ರೇಟ್ ಎರಡು ಕಡೆ ಇಟ್ಟು ಐದು ಮೀಟರ್ ಗೋಲು ಮಾಡಿ ಸಾಕು.

ಎತ್ತರದ ಬಗ್ಗೆ ಸುಳ್ಳು ಹೇಳಲ್ಲ. ಇಂಡಿಯಾ ಟೀಮಿಗೆ ಆಡಿರೋ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಆರೂವರೆ ಅಡಿ ಹತ್ರ ಇದಾರೆ, ಪ್ರೊಫೆಷನಲ್ ಕ್ಲಬ್ಬುಗಳು ಹುಡುಗರಲ್ಲಿ ಆರಡಿ ಆಸುಪಾಸು ಹುಡುಕ್ತವೆ. ಆದ್ರೆ ಹದಿಮೂರಕ್ಕೆ ಗಿಡ್ಡ ಇದಾನೆ ಅಂತ ಓಡಿಸ್ಬೇಡಿ, ಹದಿನಾರಕ್ಕೆ ಒಂದೇ ವರ್ಷದಲ್ಲಿ ಒಂದು ಗೇಣು ಬೆಳೆದ ಹುಡುಗರನ್ನ ನಾನೇ ನೋಡಿದೀನಿ. ಬೆಳೆದೇ ಇದ್ರೂ ಕಾಲಿಂದ ಜಾಗ ಹಿಡಿಯೋನು ಲೀಗ್ ಲೆವೆಲಲ್ಲಿ ಚೆನ್ನಾಗೇ ಆಡ್ತಾನೆ.

ಈಗ ಕೈ. ನಾನು ಇದನ್ನ ಕಲಿತಿದ್ದು ಗ್ರೌಂಡಲ್ಲಲ್ಲ, ನಮ್ ಎಪಿಎಂಸಿ ಟೊಮೊಟೊ ಮಂಡೀಲಿ. ನಮ್ಮಪ್ಪ ಅಲ್ಲಿ ಕೆಲಸ ಮಾಡ್ತಿದ್ರು, ರಜೇಲಿ ನಾನೂ ಹೋಗಿ 15 ಕೇಜಿ ಬಾಕ್ಸ್ ಎತ್ತಿ ಕೊಡ್ತಿದ್ದೆ, ಬಿಡುವಾದಾಗ ಹುಡುಗರೆಲ್ಲ ತುಂಬ ಹಣ್ಣಾಗಿ ಬಿಸಾಕಿದ ಟೊಮೊಟೊನ ಒಬ್ಬರಿಗೊಬ್ಬರು ಎಸೆದು ಹಿಡಿಯೋ ಆಟ ಆಡ್ತಿದ್ವಿ, ಒಡೆದ್ರೆ ಔಟು. ಕೈನ ಗಟ್ಟಿ ಮಾಡಿ ಎದುರಿಗೆ ಚಾಚಿದ್ರೆ ಪಚಕ್ ಅಂತ ಮುಖಕ್ಕೆ ಬರುತ್ತೆ. ಕೈ ಮುಂದೆ ಇಟ್ಟು, ಹಣ್ಣು ಬೆರಳಿಗೆ ತಗುಲಿದ ತಕ್ಷಣ ಮೊಣಕೈ ಸ್ವಲ್ಪ ಮಡಿಸ್ಕೊಂಡು ಅದರ ಜೊತೇಲೇ ಹಿಂದಕ್ಕೆ ಬಂದ್ರೆ ಒಡೆಯಲ್ಲ. ಬೆಂಗಳೂರಿಗೆ ಹೋದ್ಮೇಲೆ ಕೋಚು "ಸಾಫ್ಟ್ ಹ್ಯಾಂಡ್ಸ್, ಸಾಫ್ಟ್ ಹ್ಯಾಂಡ್ಸ್" ಅಂತ ಕೂಗಿದ್ರು ನೋಡಿ, ಆಗ ಗೊತ್ತಾಯ್ತು ನಂಗೆ ಇದು ಮಂಡೀಲೇ ಬಂದುಬಿಟ್ಟಿದೆ ಅಂತ. ಈಗಲೂ ನನ್ ಹತ್ರ ಬರೋ ಮಕ್ಕಳಿಗೆ ಮೊದಲನೇ ವಾರ ಬಾಲೇ ಕೊಡಲ್ಲ, ಟೊಮೊಟೊನೇ. ನಾಲ್ಕು ಹೆಜ್ಜೆ ದೂರದಿಂದ ಶುರು ಮಾಡಿ, ಹತ್ತು ಹೆಜ್ಜೆವರೆಗೂ ಹೋಗಿ, ಎದೆ ಎತ್ತರಕ್ಕೆ, ತಲೆ ಮೇಲೆ, ಮೊಣಕಾಲ ಹತ್ರ ಎಲ್ಲಾ ಕಡೆ ಎಸೀರಿ, ತಿನ್ನೋ ಹಣ್ಣು ಬೇಡ, ಮಂಡಿ ಹಿಂದೆ ಬಿದ್ದಿರುತ್ತಲ್ಲ ಅದೇ ಸಾಕು.

ಎರಡನೇ ವಾರ ಬಾಲ್. ಎದೆಗಿಂತ ಮೇಲೆ ಬಂದಿದ್ದಕ್ಕೆ ಎರಡು ಹೆಬ್ಬೆರಳೂ ಹತ್ರ ಹತ್ರ ತಂದು ಬೆರಳು ಅಗಲಿಸಿ ಬಾಲ್ ಹಿಂದೆ ಇಡ್ಬೇಕು, ಇಂಗ್ಲಿಷಿನ ಡಬ್ಲ್ಯೂ ಅಕ್ಷರದ ಥರ ಕಾಣುತ್ತೆ ಅಂತ ಅದಕ್ಕೆ ಡಬ್ಲ್ಯೂ ಹಿಡಿತ ಅಂತಾರೆ. ಸೊಂಟಕ್ಕಿಂತ ಕೆಳಗೆ ಬಂದ್ರೆ ಉಲ್ಟಾ, ಕಿರುಬೆರಳು ಹತ್ರ ಹತ್ರ, ಅಂಗೈ ಮೇಲೆ, ಬಾಲನ್ನ ಮೊರದಲ್ಲಿ ತುಂಬ್ಕೊಳೋ ಥರ ಎತ್ತಿ ಎದೆಗೆ ಅವುಚ್ಕೊಳೋದು. ಹೊಟ್ಟೆ ನೇರಕ್ಕೆ ಬಂದ್ರೆ ಕೈ ಕೆಳಗಿಂದ, ಗಲ್ಲ ಮೇಲಿಂದ ಮುಚ್ಚೋದು. ಹಿಡಿಯೋಕೆ ಆಗಲ್ಲ ಅನ್ಸಿದ್ರೆ ಎದುರಿಗೆ ತಳ್ಬೇಡಿ, ಅಲ್ಲೇ ಫಾರ್ವರ್ಡ್ ಕಾಯ್ತಿರ್ತಾನೆ, ಪಕ್ಕಕ್ಕೆ, ಕಂಬದಿಂದ ಆಚೆ ತಳ್ಳಿ. ಕಾರ್ನರಲ್ಲಿ ಜನ ಜಾಸ್ತಿ ಇದ್ರೆ ಎರಡು ಮುಷ್ಟಿ ಸೇರಿಸಿ ಪಂಚ್, ಎತ್ತರಕ್ಕೆ, ದೂರಕ್ಕೆ, ಸೈಡಿಗೆ.

ಕಾಲಿನ ಬಗ್ಗೆ ಇನ್ನೂ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಮಕ್ಕಳು ಮೊಬೈಲಲ್ಲಿ ಹಾರೋ ಸೇವ್‌ಗಳನ್ನೇ ನೋಡ್ಕೊಂಡು ಬರ್ತಾರೆ. ಅಷ್ಟು ಹಾರ್ಬೇಕಾಗಿ ಬಂತು ಅಂದ್ರೆ ಎಷ್ಟೋ ಸಲ ಅದಕ್ಕೆ ಮುಂಚೆ ಎರಡು ಹೆಜ್ಜೆ ಇಟ್ಟಿರ್ಲಿಲ್ಲ ಅಂತ ಅರ್ಥ. ಒಂದು ಹಗ್ಗ ತಗೊಳಿ, ದನ ಕಟ್ಟೋ ಹಗ್ಗ ಆದ್ರೂ ಆಗುತ್ತೆ ಆದ್ರೆ ಉದ್ದ ಬೇಕು, ಒಂದು ತುದಿ ಈ ಕಂಬಕ್ಕೆ ಇನ್ನೊಂದು ತುದಿ ಆ ಕಂಬಕ್ಕೆ ಕಟ್ಟಿ, ಮಧ್ಯದಲ್ಲಿ ಹಿಡಿದು ಬಾಲ್ ಇರೋ ಜಾಗಕ್ಕೆ ಎಳೀರಿ. ಒಂದು ತ್ರಿಕೋನ ಆಯ್ತಲ್ಲ, ಬಾಲ್ ಗೋಲಿಗೆ ಹೋಗೋಕೆ ಇರೋ ದಾರಿ ಅಷ್ಟೇ. ಮಗೂನ ಗೆರೆ ಮೇಲೆ ನಿಲ್ಲಿಸಿ, ಎರಡೂ ಕೈ ಚಾಚಿದ್ರೂ ಹಗ್ಗ ಮುಟ್ಟಲ್ಲ. ನಾಲ್ಕು ಹೆಜ್ಜೆ ಮುಂದೆ ಬರೋಕೆ ಹೇಳಿ, ಹಗ್ಗ ತಾನೇ ಕೈಗೆ ಹತ್ರ ಬರುತ್ತೆ. ಬಾಲ್ ಜಾಗ ಬದಲಾಯಿಸ್ತಾ ಇರಿ, ಮಗು ತಾನೇ ಜಾಗ ಹುಡುಕ್ಕೊಳ್ಳಲಿ. ನಾನು ಒಂದು ಗಂಟೆ ಬಾಯಲ್ಲಿ ಹೇಳಿದ್ರೂ ತಲೆಗೆ ಹೋಗದ ಆಂಗಲ್ ವಿಷ್ಯ ಈ ಹಗ್ಗದಲ್ಲಿ ಹತ್ತು ನಿಮಿಷಕ್ಕೆ ಹೋಗುತ್ತೆ. ಜಾಸ್ತಿ ಮುಂದೆ ಬಂದ್ರೆ ತಲೆ ಮೇಲಿಂದ ಚಿಪ್ ಮಾಡ್ತಾರೆ, ಅದನ್ನೂ ಅಲ್ಲೇ ತೋರಿಸಿ. ಇನ್ನೊಂದು, ಎದುರಿನವನು ಒದೆಯೋ ಕ್ಷಣಕ್ಕೆ ನಿಮ್ ಕಾಲು ನಿಂತಿರ್ಬೇಕು. ಭುಜದಷ್ಟು ಅಗಲ, ಮೊಣಕಾಲು ಸ್ವಲ್ಪ ಬಗ್ಗಿ, ಭಾರ ಮುಂಗಾಲ ಮೇಲೆ, ಕೈ ಮುಂದೆ. ಓಡ್ತಾ ಇರೋವಾಗ ಶಾಟ್ ಬಂದ್ರೆ ಯಾವ ಕಡೆಗೂ ತಿರುಗೋಕಾಗಲ್ಲ, ಜಾಗ ಒಂದು ಹೆಜ್ಜೆ ತಪ್ಪಿದ್ರೂ ಪರವಾಗಿಲ್ಲ, ನಿಂತು ಕಾಯಿ.

ಡೈವಿಂಗ್ ವಿಷ್ಯದಲ್ಲಿ ನಮ್ ಜಿಲ್ಲೇಲಿ ದೊಡ್ಡ ತೊಂದ್ರೆ ನೆಲ. ಮೊದ್ಲು ಕೆರೆಗಳೆಲ್ಲ ಒಣಗಿದ್ದಾಗ ನಾವು ಕೆರೆ ಅಂಗಳಕ್ಕೆ ಹೋಗಿ ಮೆತ್ತಗಿರೋ ಹೂಳು ಮಣ್ಣಲ್ಲಿ ಬೀಳೋದು ಕಲಿತ್ವಿ. 2018ರಿಂದ ಕೆಸಿ ವ್ಯಾಲಿ ನೀರು, ಅಂದ್ರೆ ಬೆಂಗಳೂರಲ್ಲಿ ಶುದ್ಧ ಮಾಡಿದ ಕೊಳಚೆ ನೀರು, ಬರ್ತಿದೆ, ಕೆರೆ ತುಂಬಿದ್ದು ರೈತರಿಗೆ ಒಳ್ಳೇದಾಯ್ತು, ನಮಗೆ ಜಾಗ ಬೇರೆ ಹುಡುಕ್ಕೊಳೋ ಹಾಗಾಯ್ತು. ಈಗ ನಾನು ಒಂದು ಟ್ರಾಕ್ಟರ್ ಲೋಡ್ ಮರಳು ಹಾಕ್ಸಿದೀನಿ, ಅದಿಲ್ದಿದ್ರೆ ಉತ್ತಿರೋ ಹೊಲ, ಅದೂ ಇಲ್ದಿದ್ರೆ ಹುಲ್ಲಿನ ಮೇಲೆ ಹಳೇ ಹಾಸಿಗೆ. ಕಲ್ಲು ನೆಲದಲ್ಲಿ ದಯವಿಟ್ಟು ಬೇಡ, ಒಂದ್ಸಲ ಸೊಂಟ ಕೆತ್ಕೊಂಡ ಮಗು ಆಮೇಲೆ ಆರು ತಿಂಗಳು ಬೀಳೋಕೆ ಹೆದರುತ್ತೆ. ಮೊದ್ಲು ಕೂತ್ಕೊಂಡೇ ಪಕ್ಕಕ್ಕೆ ಬೀಳೋದು, ಆಮೇಲೆ ಮಂಡಿ ಊರಿ, ಆಮೇಲೆ ಕುಕ್ಕರುಗಾಲಲ್ಲಿ, ಕೊನೆಗೆ ನಿಂತು. ಹೊಟ್ಟೆ ಮೇಲೆ ಬೀಳಬಾರ್ದು, ಮೊಣಕೈ ಊರಬಾರ್ದು, ಮೀನಖಂಡದ ಪಕ್ಕ, ತೊಡೆ, ಸೊಂಟದ ಪಕ್ಕ, ಭುಜ, ಈ ಸಾಲಲ್ಲಿ ನೆಲ ಮುಟ್ಟಬೇಕು. ಹಾರೋದು ಬರೀ ಪಕ್ಕಕ್ಕಲ್ಲ, ಸ್ವಲ್ಪ ಮುಂದಕ್ಕೂ, ಬಾಲ್ ಕಡೆಗೆ. ಕೆಳಗಿನ ಕೈ ಬಾಲ್ ಹಿಂದೆ, ಮೇಲಿನ ಕೈ ಬಾಲ್ ಮೇಲೆ, ನೆಲಾನೇ ಮೂರನೇ ಕೈ ಅನ್ಕೊಳಿ.

ಗಂಟಲು. ಸುಮ್ನೆ ಇರೋ ಮಗೂನ ಕೀಪರ್ ಮಾಡೋಕೆ ಆಗುತ್ತೆ ಆದ್ರೆ ಸುಮ್ನೆ ಇರೋ ಕೀಪರ್‌ನ ಟೀಮಲ್ಲಿ ಇಟ್ಕೊಳೋಕಾಗಲ್ಲ. ಇಡೀ ಗ್ರೌಂಡ್ ಎದುರಿಗೆ ಕಾಣೋದು ನಿಂಗೊಬ್ಬನಿಗೇ. ಬಾಲ್ ನಂದು ಅಂದ್ರೆ "ಕೀಪರ್!", ಒದ್ದು ಆಚೆ ಹಾಕು ಅಂದ್ರೆ "ಅವೇ!", ಹಿಂದೆ ಆಳು ಬರ್ತಿದಾನೆ ಅಂದ್ರೆ "ಮ್ಯಾನ್ ಆನ್!", ಇವು ಎಲ್ಲಾ ಕಡೆ ಒಂದೇ. ನಮ್ ಕೋಲಾರದ ಮಕ್ಕಳಿಗೆ ಇಲ್ಲಿ ಒಂದು ಲಾಭ ಇದೆ, ಮನೇಲಿ ತೆಲುಗು, ಬೀದೀಲಿ ಕನ್ನಡ, ಕೆಜಿಎಫ್ ಕಡೆಯವರ ಜೊತೆ ತಮಿಳು, ಯಾವ ಡಿಫೆಂಡರ್ ಯಾವ ಭಾಷೇಲಿ ಬೇಗ ತಿರುಗ್ತಾನೋ ಆ ಭಾಷೇಲೇ ಕೂಗಬಹುದು. ಹಿಂದೀನೂ ಸ್ವಲ್ಪ ಕಲೀರಿ, ಬೆಂಗಳೂರಿನ ಟೀಮುಗಳಲ್ಲಿ ಮಣಿಪುರ, ಮಿಜೋರಾಂ ಹುಡುಗರು ಇರ್ತಾರೆ.

ಪೆನಾಲ್ಟಿ ಬಗ್ಗೆ ಜಾಸ್ತಿ ಹೇಳಲ್ಲ. ಹನ್ನೊಂದು ಮೀಟರ್, ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬಂದ್ರೆ ಬಾಲ್ ಗೆರೆ ತಲುಪೋಕೆ 0.4 ಸೆಕೆಂಡ್, ಅಂದ್ರೆ ಒದ್ದ ಮೇಲೆ ನೋಡಿ ಹಾರೋಕೆ ಟೈಮಿಲ್ಲ, ಅವನ ಓಟ, ಊರೋ ಕಾಲಿನ ದಿಕ್ಕು, ಸೊಂಟ ಇವನ್ನ ಓದಬೇಕು. ಅವನು ಒದೆಯೋ ಹೊತ್ತಿಗೆ ನಿನ್ನ ಒಂದು ಕಾಲಾದ್ರೂ ಗೆರೆ ಮೇಲೆ ಅಥವಾ ಗೆರೆ ನೇರಕ್ಕೆ ಅಥವಾ ಹಿಂದೆ ಇರ್ಬೇಕು. 2023ರ ಸ್ಯಾಫ್ (ದಕ್ಷಿಣ ಏಷ್ಯಾದ ಟೂರ್ನಮೆಂಟು) ಫೈನಲ್ ನಮ್ ಕಂಠೀರವದಲ್ಲೇ ನಡೀತು, ಕುವೈತ್ ಮೇಲೆ ಶೂಟೌಟಲ್ಲಿ ಗುರ್‌ಪ್ರೀತ್ ಕೊನೇ ಕಿಕ್ ತಡೆದು 5-4 ಗೆದ್ವಿ, ಆ ವಿಡಿಯೋ ನಿಧಾನಕ್ಕೆ ಹಾಕ್ಕೊಂಡು ಅವರ ಕೈ ಬಿಟ್ಟು ಬರೀ ಕಾಲು ನೋಡಿ. ಇನ್ನೊಂದು ಹೊಸ ರೂಲ್, 2025-26ರಿಂದ ಕೀಪರ್ ಬಾಲನ್ನ ಕೈಲಿ ಎಂಟು ಸೆಕೆಂಡಿಗಿಂತ ಜಾಸ್ತಿ ಇಟ್ಕೊಂಡ್ರೆ ಎದುರಿನ ಟೀಮಿಗೆ ಕಾರ್ನರ್ ಕೊಡ್ತಾರೆ, ಕೊನೇ ಐದು ಸೆಕೆಂಡ್ ರೆಫ್ರಿ ಕೈಯೆತ್ತಿ ಎಣಿಸ್ತಾರೆ. ಪ್ರಾಕ್ಟೀಸಲ್ಲೂ ಜೋರಾಗಿ ಎಣಿಸಿ, ಅಭ್ಯಾಸ ಆಗ್ಲಿ.

ಗ್ಲೌಸಿಗೆ ಶುರುವಲ್ಲೇ ಸಾವಿರಾರು ಸುರೀಬೇಡಿ, ಆ ದುಡ್ಡಲ್ಲಿ ಒಳ್ಳೇ ಬಾಲ್ ತಗೊಳಿ. ಅಂಗೈ ಮೇಲಿರೋ ಲೇಟೆಕ್ಸ್ ಎಷ್ಟು ಮೆತ್ತಗೋ ಅಷ್ಟು ಅಂಟುತ್ತೆ, ಅಷ್ಟೇ ಬೇಗ ಸವೆಯುತ್ತೆ, ನಮ್ ಮಣ್ಣಲ್ಲಂತೂ ಇನ್ನೂ ಬೇಗ. ಪ್ರಾಕ್ಟೀಸಿಗೆ ಒಂದು ಗಟ್ಟಿ ಜೊತೆ, ಮ್ಯಾಚಿಗೆ ಇನ್ನೊಂದು. ಬೆರಳ ತುದೀಲಿ ಒಂದು ಸೆಂಟಿಮೀಟರ್ ಜಾಗ ಇರ್ಲಿ. ಹಾಕೋಕೆ ಮುಂಚೆ ಅಂಗೈನ ನೀರಲ್ಲಿ ಸ್ವಲ್ಪ ಒದ್ದೆ ಮಾಡಿ, ಆಡಿದ್ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಕೈಯಲ್ಲೇ ತೊಳೆದು ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಹಾಕಿದ್ರೆ ಲೇಟೆಕ್ಸ್ ಸೀಳು ಬಿಡುತ್ತೆ.

ಊಟಕ್ಕೆ ಪೌಡರ್ ಡಬ್ಬ ಬೇಕಾಗಿಲ್ಲ. ಮುದ್ದೆ, ಹುರುಳಿ ಸಾರು, ಮೊಟ್ಟೆ, ಕಡ್ಲೆಕಾಯಿ, ಹಾಲು, ಕಾಲಕ್ಕೆ ಅವರೆಕಾಯಿ, ಇಷ್ಟು ಹೊಟ್ಟೆ ತುಂಬ ಸಿಕ್ಕಿದ್ರೆ ಬೆಳೆಯೋ ಮೈಗೆ ಸಾಕು. ರಾತ್ರಿ ಎಂಟೊಂಬತ್ತು ಗಂಟೆ ನಿದ್ದೆ, ಅದನ್ನ ಮೊಬೈಲ್ ತಿನ್ನೋಕೆ ಬಿಡ್ಬೇಡಿ.

ಗಾಯದ ವಿಷ್ಯ ಸೀರಿಯಸ್ಸಾಗಿ ಓದಿ. ನಾನು ಇಪ್ಪತ್ತಕ್ಕೆ ಕೈ ಊರಿ ಬಿದ್ದೆ, ಮಣಿಕಟ್ಟು ನೋವು, ಒಂದು ಕಡೆ ತೋರಿಸಿದ್ರೆ ಎಕ್ಸ್‌ರೇ ನೋಡಿ ಬರೀ ಉಳುಕು ಅಂತ ಮುಲಾಮು ಕೊಟ್ಟು ಕಳಿಸಿದ್ರು. ಎರಡು ತಿಂಗಳಾದ್ರೂ ಹೋಗ್ಲಿಲ್ಲ, ಆಮೇಲೆ ನೋಡಿದ್ರೆ ಸ್ಕ್ಯಾಫಾಯ್ಡ್ ಅನ್ನೋ ಸಣ್ಣ ಮೂಳೆ ಬಿರುಕು ಬಿಟ್ಟಿತ್ತು, ಒಂದು ಇಡೀ ಸೀಸನ್ ಹೋಯ್ತು. ಹೆಬ್ಬೆರಳ ಬುಡದ ಗುಳೀಲಿ ಒತ್ತಿದ್ರೆ ನೋವಿದ್ರೆ ಮೊದಲನೇ ಎಕ್ಸ್‌ರೇಲಿ ಕಾಣದೆ ಇರಬಹುದು, ಕೈಗೆ ಪಟ್ಟಿ ಹಾಕ್ಸಿ ಹತ್ತರಿಂದ ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಸಿ ಅಂತ ನೀವೇ ಡಾಕ್ಟರಿಗೆ ಕೇಳಿ. ಬೆರಳು ಉಳುಕಿದ್ರೆ ಪಕ್ಕದ ಬೆರಳಿಗೆ ಸೇರಿಸಿ ಟೇಪ್. ತಲೆಗೆ ಏಟು ಬಿದ್ದು ಒಂದು ಕ್ಷಣ ಮಂಕಾದ್ರೂ ಅವತ್ತಿನ ಆಟ ಮುಗೀತು, ಎಂಥಾ ಫೈನಲ್ ಆದ್ರೂ ಸರಿ. ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿನ ಕೀಪರ್ ಪೀಟರ್ ಚೆಕ್‌ಗೆ 2006ರಲ್ಲಿ ಎದುರಿನವನ ಮೊಣಕಾಲು ತಗುಲಿ ತಲೆಬುರುಡೆ ಬಿರುಕು ಬಿಡ್ತು, ಮೂರು ತಿಂಗಳ ಮೇಲೆ ವಾಪಸ್ ಬಂದ್ರು, ರಿಟೈರ್ ಆಗೋ ತನಕ ತಲೆಗೆ ಗಾರ್ಡ್ ಹಾಕ್ಕೊಂಡೇ ಆಡಿದ್ರು.

ಇನ್ನು ಕೆರಿಯರ್ ದಾರಿ. ಜಿಲ್ಲೇಲಿ ಸ್ಕೂಲ್ ಟೂರ್ನಮೆಂಟು, ಕೆಜಿಎಫ್ ಕಡೆ ಗಣಿ ಕಾಲದಿಂದ ಬಂದಿರೋ ಫುಟ್‌ಬಾಲ್ ಹುಚ್ಚು, ಇದರ ಮೇಲೆ ಸಿಗೋ ಲೆವೆಲ್ ಬೆಂಗಳೂರಲ್ಲೇ. ರಾಜ್ಯ ಫುಟ್‌ಬಾಲ್ ಸಂಸ್ಥೆ ಕೆಎಸ್‌ಎಫ್‌ಎ ನಡೆಸೋ ಯೂತ್ ಲೀಗುಗಳಿವೆ, ದೊಡ್ಡವರಿಗೆ ಸಿ, ಬಿ, ಎ, ಅದರ ಮೇಲೆ ಸೂಪರ್ ಡಿವಿಷನ್. ಆಡ್ಬೇಕಂದ್ರೆ ದೇಶದ ಫುಟ್‌ಬಾಲ್ ಸಂಸ್ಥೆ ಎಐಎಫ್‌ಎಫ್‌ನ ಸಿಆರ್‌ಎಸ್ ಅನ್ನೋ ಆಟಗಾರರ ರಿಜಿಸ್ಟ್ರೇಷನ್ ವ್ಯವಸ್ಥೇಲಿ ಕ್ಲಬ್ ಮೂಲಕ ರಿಜಿಸ್ಟರ್ ಆಗ್ಬೇಕು, ಅದಕ್ಕೆ ಬರ್ತ್ ಸರ್ಟಿಫಿಕೇಟ್, ಆಧಾರ್ ಎರಡರಲ್ಲೂ ಹೆಸರು ಸ್ಪೆಲಿಂಗ್ ಒಂದೇ ಇರೋ ಹಾಗೆ ಈಗ್ಲೇ ಸರಿ ಮಾಡಿಸ್ಕೊಳಿ, ಟ್ರಯಲ್ಸ್ ಹಿಂದಿನ ದಿನ ನಾಡಕಚೇರೀಲಿ ಕ್ಯೂ ನಿಂತ್ರೆ ಆಗಲ್ಲ. ವಯಸ್ಸು ಕಮ್ಮಿ ಬರೆಸೋಣ ಅಂತ ಯಾರಾದ್ರೂ ಹೇಳಿದ್ರೆ ಅವರ ಹತ್ರಾನೇ ಹೋಗ್ಬೇಡಿ. ಎಕ್ಸ್‌ರೇಲಿ ಮೂಳೆ ವಯಸ್ಸು ನೋಡ್ತಾರೆ, ಸಿಕ್ಕಿಹಾಕ್ಕೊಂಡ್ರೆ ಮಗೂ ಹೆಸರೇ ಹಾಳು. ಕ್ರೀಡಾ ಇಲಾಖೆಯ ಹಾಸ್ಟೆಲ್ ಸೆಲೆಕ್ಷನ್ನಿಗೂ ಅರ್ಜಿ ಹಾಕಿ, ಊಟ ವಸತಿ ಖರ್ಚು ಉಳಿಯುತ್ತೆ.

ಓಡಾಟ ಕಷ್ಟ ನಿಜ. ನಾನು ಬಂಗಾರಪೇಟೆಗೆ ಬಂದು ಮಾರಿಕುಪ್ಪಂ ಟ್ರೈನ್ ಹಿಡಿದು ಕಂಟೋನ್ಮೆಂಟಲ್ಲಿ ಇಳಿದು ಅಶೋಕನಗರದ ಸ್ಟೇಡಿಯಂಗೆ ಹೋಗ್ತಿದ್ದೆ, ಟ್ರೈನಲ್ಲೇ ನಿದ್ದೆ, ಟ್ರೈನಲ್ಲೇ ಓದು. ಹದಿನೈದರ ಒಳಗಿನ ಮಕ್ಕಳನ್ನ ದಿನಾ ಹಾಗೆ ಕಳಿಸೋದು ಬೇಡ, ವಾರಕ್ಕೆ ಎರಡು ದಿನ ಬೆಂಗಳೂರು, ಮಿಕ್ಕಿದ್ದು ಊರಲ್ಲೇ ಆದ್ರೆ ಸಾಕು.

ಟ್ರಯಲ್ಸಲ್ಲಿ ಒಂದು ಸಲ ನಂಗೆ ಕೊಟ್ಟಿದ್ದು ಹತ್ತು ನಿಮಿಷ, ಆ ಹತ್ತು ನಿಮಿಷದಲ್ಲಿ ಬಾಲ್ ಬಂದಿದ್ದು ಎರಡು ಸಲ, ನೆಕ್ಸ್ಟ್ ಅಂದುಬಿಟ್ರು. ಬೇಜಾರಾಗಿ ಕಂಟೋನ್ಮೆಂಟ್ ಪ್ಲಾಟ್‌ಫಾರ್ಮಲ್ಲಿ ಕೂತು ಅತ್ತಿದ್ದೆ. ಅವತ್ತಿಂದ ಕಲಿತಿದ್ದು ಇದು, ಬಾಲ್ ಬರ್ದಿದ್ರೂ ಕಾಣಿಸ್ಕೊಳೋ ಕೆಲಸ ಮಾಡ್ಬೇಕು. ಬೇಗ ಹೋಗಿ ಎಲ್ರೂ ನೋಡೋ ಜಾಗದಲ್ಲಿ ನೀಟಾಗಿ ವಾರ್ಮಪ್ ಮಾಡಿ, ಡಿಫೆಂಡರ್‌ಗಳ ಹೆಸರು ಕೇಳ್ಕೊಂಡು ಹೆಸರು ಹಿಡಿದು ಕೂಗಿ, ಬಾಲ್ ದೂರ ಇದ್ದಾಗ ಪೆನಾಲ್ಟಿ ಬಾಕ್ಸ್ ತುದಿವರೆಗೂ ಬನ್ನಿ, ಗೋಲ್‌ಕಿಕ್ ನೀವೇ ತಗೊಳಿ. ನೋಡೋ ಕಣ್ಣಿದ್ದವರು ಅದನ್ನ ನೋಡ್ತಾರೆ.

ಸಂಪಾದನೆ ಬಗ್ಗೆ ನೇರವಾಗಿ ಹೇಳ್ತೀನಿ. ಕೆಳಗಿನ ಡಿವಿಷನ್‌ನಲ್ಲಿ ಬಸ್ ಚಾರ್ಜಿಗಿಂತ ಸ್ವಲ್ಪ ಜಾಸ್ತಿ ಸಿಕ್ಕಿದ್ರೆ ಪುಣ್ಯ. ನಮ್ ರಾಜ್ಯದಲ್ಲಿ ಹಿಂದಿನಿಂದಲೂ ಫುಟ್‌ಬಾಲರ್‌ಗಳಿಗೆ ಅನ್ನ ಹಾಕಿರೋದು ಆರ್ಮಿಯ ಎಂಇಜಿ, ಎಎಸ್‌ಸಿ, ಎಚ್‌ಎಎಲ್, ಅಕೌಂಟೆಂಟ್ ಜನರಲ್ ಆಫೀಸ್, ರೈಲ್ವೆ ಥರದ ಟೀಮುಗಳು, ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗೋ ಚಾನ್ಸ್ ಅಲ್ಲಿ, ಅದಕ್ಕೆ ಸರ್ಟಿಫಿಕೇಟೂ ಬೇಕು ಓದೂ ಬೇಕು. ಪಿಯುಸಿ ಡಿಗ್ರಿ ಬಿಡ್ಬೇಡಿ ಅಂತ ನಾನು ಕಾಲು ಹಿಡಿದು ಬೇಕಾದ್ರೂ ಹೇಳ್ತೀನಿ. ಮೇಲಿನ ಲೆವೆಲಲ್ಲೂ ಗ್ಯಾರಂಟಿ ಇಲ್ಲ, 2025ರ ಜುಲೈನಲ್ಲಿ ದೇಶದ ದೊಡ್ಡ ಲೀಗ್ ಐಎಸ್‌ಎಲ್‌ನ ಮುಂದಿನ ಸೀಸನ್ನೇ ತಡೆಹಿಡಿದ್ರು, ದೇಶದ ಒಳ್ಳೊಳ್ಳೆ ಆಟಗಾರರು ಆಟ ಇಲ್ದೆ ಕೂತ್ರು. ಆದ್ರೆ ದಾರಿ ಇಲ್ಲ ಅಂತಲ್ಲ, 2023ರಲ್ಲಿ ಕರ್ನಾಟಕ 54 ವರ್ಷದ ಮೇಲೆ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿದ್ದು ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3-2. ಆ ಟೀಮಿನ ಥರದವರು ಬೆಳೆದಿದ್ದು ಇದೇ ಲೀಗುಗಳಲ್ಲಿ.

ಹೆಣ್ಮಕ್ಕಳ ಅಪ್ಪ ಅಮ್ಮಂದಿರಿಗೆ ಬೇರೆಯಾಗಿ ಹೇಳ್ಬೇಕು. ನಮ್ ದೇಶದ ಅದಿತಿ ಚೌಹಾಣ್ 2015ರಲ್ಲಿ ಇಂಗ್ಲೆಂಡಿನ ವೆಸ್ಟ್ ಹ್ಯಾಮ್ ಲೇಡೀಸ್‌ಗೆ ಕೀಪರ್ ಆಗಿ ಆಡಿದ್ರು. ಬೆಂಗಳೂರಲ್ಲಿ ಮಹಿಳಾ ಲೀಗ್ ನಡೆಯುತ್ತೆ, ಅಲ್ಲಿ ಒಳ್ಳೇ ಕೀಪರ್ ಸಿಗೋದೇ ಕಷ್ಟ, ಹಾಗಾಗಿ ಚೆನ್ನಾಗಿ ಕಲಿತ ಹುಡುಗಿಗೆ ಹುಡುಗರಿಗಿಂತ ಬೇಗ ಜಾಗ ಸಿಗಬಹುದು ಅಂತ ನನ್ ಲೆಕ್ಕ. ನನ್ ಹತ್ರ ಈಗ ಮೂವರಿದಾರೆ, ಟೊಮೊಟೊ ಹಿಡಿಯೋದ್ರಲ್ಲಿ ಅವರೇ ಮುಂದೆ.

ಬೆಂಚಲ್ಲಿ ಕೂತವರಿಗೆ. ಅರ್ಜೆಂಟೀನಾದ ಕೀಪರ್ ಎಮಿಲಿಯಾನೊ ಮಾರ್ಟಿನೆಸ್ 2010ರಲ್ಲಿ ಇಂಗ್ಲೆಂಡಿನ ಆರ್ಸೆನಲ್ ಸೇರಿ ಹತ್ತು ವರ್ಷ ಬೆಂಚು, ಬೇರೆ ಕ್ಲಬ್ಬುಗಳಿಗೆ ಲೋನು ಅಂತ ಅಲೆದ್ರು, 2020ರಲ್ಲಿ ಆಸ್ಟನ್ ವಿಲ್ಲಾಗೆ ಹೋದ್ರು, 2022ರಲ್ಲಿ ವರ್ಲ್ಡ್ ಕಪ್ ಫೈನಲ್ಲಿನ ಕೊನೇ ನಿಮಿಷದಲ್ಲಿ ಕಾಲು ಚಾಚಿ ತಡೆದ್ರಲ್ಲ, ಅದೇ ಮನುಷ್ಯ. ಕೀಪರ್‌ಗೆ ಆಯಸ್ಸೂ ಜಾಸ್ತಿ, ಇಟಲಿಯ ಡಿನೊ ಜಾಫ್ 1982ರಲ್ಲಿ 40 ವರ್ಷಕ್ಕೆ ಕ್ಯಾಪ್ಟನ್ ಆಗಿ ವರ್ಲ್ಡ್ ಕಪ್ ಎತ್ತಿದ್ರು, ಈಜಿಪ್ಟಿನ ಎಸ್ಸಾಮ್ ಎಲ್ ಹದರಿ 2018ರ ವರ್ಲ್ಡ್ ಕಪ್ಪಲ್ಲಿ 45 ವರ್ಷಕ್ಕೆ ಪೆನಾಲ್ಟಿ ತಡೆದ್ರು. ಹಾಗಂತ ಬೆಂಚಲ್ಲಿ ಕೂತು ಮೊಬೈಲ್ ನೋಡೋದಲ್ಲ, ಮೊದಲನೇ ಕೀಪರ್‌ಗೆ ಬಾಲ್ ಒದ್ದು ವಾರ್ಮಪ್ ಮಾಡಿಸೋದು ನಿನ್ ಕೆಲಸ, ಅದನ್ನ ಮನಸ್ಸಿಟ್ಟು ಮಾಡು, ಎದುರಿನ ಟೀಮಿನವರು ಕಾರ್ನರ್ ಹೇಗೆ ತಗೊಳ್ತಾರೆ, ಯಾರು ಎಡಗಾಲು ಅಂತ ನೋಡ್ತಿರು. 60ನೇ ನಿಮಿಷಕ್ಕೆ ಅವನಿಗೆ ಏಟು ಬಿದ್ರೆ ನೀನು ತಣ್ಣಗಿರೋ ಮೈಯಲ್ಲೇ ಒಳಗೆ ಹೋಗ್ಬೇಕು.

ಗೋಲ್ ಬಿಟ್ಟಾಗ ಏನ್ಮಾಡ್ಬೇಕು ಅಂತ ಮಕ್ಕಳು ಕೇಳ್ತಾರೆ. ಬಾಲ್ ನೆಟ್ಟಿಂದ ನೀನೇ ತೆಗೆದು ಮಧ್ಯಕ್ಕೆ ಎಸಿ, ಕಂಬ ಒಂದ್ಸಲ ಮುಟ್ಟು, ಡಿಫೆಂಡರ್‌ಗೆ ಬೈಬೇಡ, ಮುಂದಿನ ಬಾಲಿಗೆ ಜಾಗ ಹಿಡಿ. ಅಳೋದಿದ್ರೆ ಮನೇಲಿ ಅತ್ತುಬಿಡು, ತಪ್ಪಿಲ್ಲ. ಆಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು ಬಿಟ್ಟ ಪ್ರತಿ ಗೋಲಿಗೂ ನಾಲ್ಕು ವಿಷ್ಯ ಬರಿ, ಬಾಲ್ ಎಲ್ಲಿಂದ ಬಂತು, ನಾನೆಲ್ಲಿ ನಿಂತಿದ್ದೆ, ಶಾಟ್ ಹೊಡೆದಾಗ ಕಾಲು ನಿಂತಿತ್ತಾ, ಬಾಯಿ ತೆಗೆದಿದ್ನಾ. ಮೂರು ತಿಂಗಳಿಗೊಂದ್ಸಲ ಕೂತು ಓದು. ನನ್ ಪುಸ್ತಕದಲ್ಲಿ ಮೊದಲನೇ ವರ್ಷ 31 ಗೋಲಿದೆ, ಅದ್ರಲ್ಲಿ 19ಕ್ಕೆ "ಕಾಲು ನಿಂತಿರ್ಲಿಲ್ಲ" ಅಂತ ಬರ್ಕೊಂಡಿದೀನಿ, ಎರಡನೇ ವರ್ಷ ಅದು ಏಳಕ್ಕೆ ಇಳೀತು.